ಗ್ರಿಲ್ಲಿನ ಹಿಂದೆ ಗಿಡ ಬೆಳೆಸುತ್ತಿರುವ ಮುಂಬಯಿ ಕನ್ನಡಿಗರಿಗೆ



ಮಾಟುಂಗದ ಹಳೆಯ ಕಟ್ಟಡಗಳ ಮರದ ಕಟಾಂಜನದ ಬಳಿಯಲ್ಲಿಯೂ, ಕುರ್ಲಾ, ಚೆಂಬೂರು, ಭಾಂಡುಪಗಳ ಚಾಳುಗಳ ಉದ್ದನೆಯ ಪಡಸಾಲೆಗಳಲ್ಲಿಯೂ, ಬೊರಿವಲಿ, ಮುಲುಂಡ, ಡೊಂಬಿವಲಿಗಳ ಬಹುಮಹಡಿ ಕಟ್ಟಡಗಳ ಕಿಟಕಿಗೆ ಹೊರಚಾಚಿ ಕೂಡಿಸಿದ ಕಬ್ಬಿಣದ ಗ್ರಿಲ್ಲುಗಳೊಳಗೂ, ಊರಿನಿಂದ ಮರಳುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ದಂಟನ್ನು, ಶಂಕರಪುರದ ಮಲ್ಲಿಗೆಯನ್ನು, ಕರಿಬೇವಿನ ಸಸಿಯನ್ನು, ದೇವರ ಪೂಜೆಗೆಂದು ದಾಸವಾಳ ತುಲಸಿಗಳನ್ನು ಸಾಕಿಕೊಂಡು ಬಂದಿರುವ ನಿಮ್ಮೆಲ್ಲರನ್ನು ಉದ್ದೇಶಿಸಿ, ಮಳೆಗಾಲ ಕಾಲಿಡುವ ಮುನ್ನವೇ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮ ಸಂಘಗಳ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿಯೂ, ಮದುವೆಯ ಮನೆಯ ಊಟದ ಪಂಕ್ತಿಯಲ್ಲಿಯೂ, ನಾನು ಗಿಡಗಳ ವಿಷಯದಲ್ಲಿ ಆಸಕ್ತನೆಂದು ಬಲ್ಲವರು ನನ್ನ ಮುಂದಿಡುವ ಪ್ರಶ್ನೆಯ ರೂಪವು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ದಾಸವಾಳದ ಎಲೆ ಮುದುಡಿಕೊಂಡಿದೆ, ಯಾವ ಮದ್ದು ಹೊಡೆಯಲಿ?’ ಎಲೆ ಮುದುಡುವುದಕ್ಕೆ ಕಾರಣವಾದದ್ದು ಕೀಟವೋ, ಶಿಲೀಂಧ್ರವೋ, ವಿಷಾಣುವೋ, ಅಥವಾ ಕುಂಡದ ತಳದಲ್ಲಿ ಮುಚ್ಚಿಹೋದ ರಂಧ್ರವೋ ಎಂಬ ವಿಚಾರ ಹುಟ್ಟುವುದಕ್ಕೆ ಮುಂಚೆಯೇ ಮದ್ದಿನ ಸೀಸೆ ಮನೆಗೆ ಬಂದಿರುತ್ತದೆ. ವ್ಯಾಧಿನಿರ್ಣಯವಿಲ್ಲದ ಈ ಚಿಕಿತ್ಸೆಯು ಗಿಡಕ್ಕೆ ಉಪಕಾರ ಮಾಡದೆ, ಹತ್ತಡಿ ಅಗಲದ ಕೋಣೆಯಲ್ಲಿ ಅದೇ ಕಿಟಕಿಯ ಗಾಳಿಯನ್ನು ಉಸಿರಾಡುವ ಮಕ್ಕಳಿಗೂ ವೃದ್ಧರಿಗೂ ಅಪಕಾರ ಮಾಡುವ ಸಂಭವವೇ ಹೆಚ್ಚೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ನೋಡಿರಿ, ಎಲೆಯನ್ನು ತಿರುವಿ ನೋಡಿರಿ, ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿರಿ, ಅನಂತರ ಏನು ಮಾಡಬೇಕೆಂಬುದನ್ನು ನಿಶ್ಚಯಿಸಿರಿ ಎಂದು ಬೇಡಿಕೊಳ್ಳುವುದೇ ಈ ಪತ್ರದ ಉದ್ದೇಶ.

ಮುಂಬಯಿಯಲ್ಲಿ ರೋಗವೆಂದು ನಾವು ಹೆದರುವ ಲಕ್ಷಣಗಳಲ್ಲಿ ಎಷ್ಟೋ ರೋಗವೇ ಅಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ, ನರ್ಸರಿಯವರು ತುಂಬಿಕೊಟ್ಟ ಜಿಗುಟಾದ ಕೆಂಪು ಮಣ್ಣು ಕುಂಡದೊಳಗೆ ಗಟ್ಟಿಯಾಗಿ, ನೀರು ಇಳಿಯದೆ, ಬೇರಿಗೆ ಗಾಳಿ ಸಿಕ್ಕದೆ, ಬೇರು ಕೊಳೆತು ಗಿಡ ಬಾಡುತ್ತದೆ. ಬಾಡಿದುದನ್ನು ಕಂಡು ಬಾಯಾರಿಕೆಯೆಂದು ಭ್ರಮಿಸಿ ಮನೆಯವರು ಮತ್ತಷ್ಟು ನೀರು ಹಾಕುತ್ತಾರೆ. ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ದೋಷ ಬೇರಿನಲ್ಲಿದೆಯೆಂದು ತಿಳಿಯತಕ್ಕದ್ದು. ಕೆಳಗಿನ ಹಳೆಯ ಎಲೆಗಳು ಮೊದಲು ಒಂದೇ ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆ. ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಕಬ್ಬಿಣದ ಕೊರತೆ. ವರ್ಲಿ, ಬಾಂದ್ರಾ, ವರ್ಸೋವಾಗಳಲ್ಲಿ ಸಮುದ್ರಕ್ಕೆ ಮುಖಮಾಡಿದ ಮನೆಗಳಲ್ಲಿ ಎಲೆಯ ಅಂಚಷ್ಟೇ ಸುಟ್ಟಂತಾಗುವುದು ಬಹುಮಟ್ಟಿಗೆ ಉಪ್ಪುಗಾಳಿಯ ಕೆಲಸ. ಇವುಗಳಲ್ಲಿ ಯಾವುದಕ್ಕೂ ಕೀಟನಾಶಕದಿಂದ ಪರಿಹಾರವಿಲ್ಲ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿಟ್ಟು, ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಒಂದಿಷ್ಟು ದಪ್ಪ ಮರಳನ್ನೂ ಬೆರೆಸಿ, ತಳದ ರಂಧ್ರವನ್ನು ತೆರೆದಿಟ್ಟರೆ ಮಳೆಗಾಲದ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ. ಕುಂಡದ ಕೆಳಗಿನ ತಟ್ಟೆಯ ನೀರನ್ನು ಚೆಲ್ಲಬೇಕಾದದ್ದು ಗಿಡಕ್ಕಾಗಿ ಮಾತ್ರವಲ್ಲ, ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲಿಯೇ ಎಂಬ ಕಾರಣಕ್ಕಾಗಿಯೂ ಹೌದು.

ಇನ್ನು ನಿಜವಾದ ಶತ್ರುಗಳಲ್ಲಿ ನಮ್ಮೆಲ್ಲರ ಮನೆಗೂ ಬಂದಿರುವುದು ಹಿಟ್ಟುತಿಗಣೆ. ದಾಸವಾಳದ ಕುಡಿಯಲ್ಲಿ, ಎಲೆ ಕಾಂಡಗಳ ಕಂಕುಳಲ್ಲಿ, ಸೀಬೆಯ ಕಾಯಿಯ ತೊಟ್ಟಿನಲ್ಲಿ ಅರಳೆಯ ಚೂರುಗಳಂತೆ ಅಂಟಿಕೊಂಡಿರುವ ಈ ಕೀಟವು ಗಿಡದ ರಸವನ್ನು ಹೀರಿ, ತಾನು ಅರಗಿಸಿಕೊಳ್ಳಲಾರದ ಸಕ್ಕರೆಯನ್ನು ಅಂಟುದ್ರವವಾಗಿ ಹೊರಹಾಕುತ್ತದೆ. ಆ ದ್ರವಕ್ಕೆ ಇರುವೆಗಳು ಮುತ್ತಿಕೊಳ್ಳುತ್ತವೆ, ಅದರ ಮೇಲೆಯೇ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ. ಆದುದರಿಂದ ಗಿಡದ ಕಾಂಡದ ಮೇಲೆ ಇರುವೆಗಳ ಸಾಲು ಹತ್ತಿ ಇಳಿಯುತ್ತಿರುವುದನ್ನು ಕಂಡೊಡನೆ, ಇರುವೆಯನ್ನು ದೂಷಿಸದೆ, ಅದು ಹೋಗಿ ಸೇರುವ ಸ್ಥಳವನ್ನು ಹುಡುಕಬೇಕು. ಇರುವೆಯು ತಿಗಣೆಯ ಮರಿಗಳನ್ನು ಅದರ ವೈರಿಗಳಿಂದ ಕಾಯುತ್ತದೆ. ಇರುವೆಯ ದಾರಿಯನ್ನು ತಪ್ಪಿಸಿದರೆ ಅರ್ಧ ಚಿಕಿತ್ಸೆ ಆದಂತೆಯೇ ಸರಿ. ಕುಂಡವಿಟ್ಟಿರುವ ಸಣ್ಣ ಸ್ಟ್ಯಾಂಡಿನ ಕಾಲುಗಳಿಗೆ ಗ್ರೀಸು ಸವರಿ, ಗೋಡೆಗೂ ಗ್ರಿಲ್ಲಿಗೂ ತಾಗುವ ಕೊಂಬೆಗಳನ್ನು ಕತ್ತರಿಸಿಬಿಡುವುದು ಸಾಕಾಗುತ್ತದೆ.

ಈ ಕೀಟದ ಮೈಮೇಲಿನ ಮೇಣದ ಹೊದಿಕೆಯಿಂದಾಗಿ ನೀರಿನಲ್ಲಿ ಕದಡಿದ ಮದ್ದು ಅದರ ಚರ್ಮವನ್ನು ತಲಪುವುದೇ ಇಲ್ಲ. ಸೀಸೆಯ ಮೇಲೆ ಸೀಸೆ ಖಾಲಿಯಾದರೂ ತಿಗಣೆ ಹಾಗೆಯೇ ಉಳಿಯುವುದರ ರಹಸ್ಯ ಇದೇ. ಮೊಟ್ಟೆಯೊಡೆದು ಹೊರಬಂದು ಹರಿದಾಡುವ ಎಳೆಯ ಮರಿಗಳಿಗೆ ಮಾತ್ರ ಮೇಣದ ರಕ್ಷಣೆ ಇನ್ನೂ ದೊರೆತಿರುವುದಿಲ್ಲ; ಆದ್ದರಿಂದ ಚಿಕಿತ್ಸೆಯನ್ನು ಒಮ್ಮೆ ಮಾಡಿ ಬಿಡದೆ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಹೆಚ್ಚು ಮುತ್ತಿಕೊಂಡ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿರಿ, ಕೆಳಗಿನ ಮಾಳಿಗೆಯವರ ಗ್ಯಾಲರಿಗೆ ಬೀಳುವಂತೆ ಎಸೆಯಬೇಡಿರಿ. ಉಳಿದುದನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಬಳಿಕ ಒಂದು ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನೆಣ್ಣೆಯನ್ನು ಕೆಲವು ಹನಿ ಮೆದು ಸಾಬೂನಿನೊಡನೆ ಚೆನ್ನಾಗಿ ಕಲಸಿ, ಬಿಸಿಲಿಳಿದ ಮೇಲೆ, ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಿರಿ. ಮೊದಲ ದಿನ ಎರಡು ಮೂರು ಎಲೆಗಳ ಮೇಲೆ ಮಾತ್ರ ಪ್ರಯೋಗಿಸಿ, ಅವು ಸುಡಲಿಲ್ಲವೆಂದು ಖಚಿತವಾದ ಮೇಲೆ ಇಡೀ ಗಿಡಕ್ಕೆ ಬಳಸುವುದು ವಿಹಿತ. ಬಟ್ಟೆ ಒಗೆಯುವ ಪುಡಿ ಈ ಕೆಲಸಕ್ಕೆ ಸಲ್ಲದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಎಣ್ಣೆಯಿಂದಲೂ ಹೊಂಗೆಯ ಎಣ್ಣೆಯಿಂದಲೂ ಗಿಡಗಳಿಗೆಂದೇ ಸಾಬೂನುಗಳನ್ನು ರೂಪಿಸಿದ್ದಾರೆ. ಬೇಸಗೆಯ ರಜೆಗೆ ಊರಿಗೆ ಹೋದವರು ಬೆಂಗಳೂರಿನ ಮೂಲಕ ಮರಳುವಾಗ ಒಂದೆರಡು ತುಂಡು ತಂದಿಟ್ಟುಕೊಂಡರೆ ವರ್ಷಕ್ಕೆ ಸಾಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹಿಟ್ಟುತಿಗಣೆಯ ಗುಂಪಿನ ನಡುವೆ, ಅದರಂತೆಯೇ ಬಿಳಿಯ ಮೇಣದ ಎಳೆಗಳನ್ನು ಹೊತ್ತು, ಅದಕ್ಕಿಂತ ತುಸು ದೊಡ್ಡದಾಗಿ, ತುಸು ಚುರುಕಾಗಿ ಓಡಾಡುವ ಇನ್ನೊಂದು ಹುಳು ಕಾಣಿಸಿಕೊಂಡರೆ, ಅದು ತಿಗಣೆಗಳನ್ನು ಭಕ್ಷಿಸುತ್ತಿರುವ ಗುಲಗಂಜಿ ಹುಳುವಿನ ಮರಿಯಾಗಿರುವ ಸಂಭವವುಂಟು. ತಿಗಣೆಯೆಂದು ತಿಳಿದು ಅದನ್ನು ಉಜ್ಜಿ ಕೊಲ್ಲುವವರೇ ಹೆಚ್ಚು. ಈ ಜಾತಿಯ ಹುಳುಗಳಲ್ಲಿ ಪ್ರಸಿದ್ಧವಾದ ಒಂದನ್ನು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಿಸಿದ್ದು ೧೮೯೮ರಲ್ಲಿ, ಕಾಫಿ ಗಿಡದ ಹಸುರು ಶಲ್ಕಕೀಟದ ನಿವಾರಣೆಗಾಗಿ. ಅದು ಆ ಕಾರ್ಯದಲ್ಲಿ ಹೆಚ್ಚು ಸಹಾಯ ಮಾಡದಿದ್ದರೂ ಹಿಟ್ಟುತಿಗಣೆಯ ಮೇಲೆ ಬಿದ್ದು, ದಕ್ಷಿಣದಲ್ಲಿ ನೆಲೆಯೂರಿತು. ಪಶ್ಚಿಮ ಕರಾವಳಿಯಲ್ಲಿ ಹಿಟ್ಟುತಿಗಣೆಯನ್ನೇ ತಿಂದು ಬೆಳೆಯುವ ಒಂದು ಸಣ್ಣ ಚಿಟ್ಟೆಯೂ ಉಂಟು. ಅದರ ಕೋಶವನ್ನು ಸಮೀಪದಿಂದ ನೋಡಿದರೆ ಕೋತಿಯ ಮುಖದ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಇಂಥ ಮಿತ್ರರಿರುವ ಗಿಡಕ್ಕೆ ಏನನ್ನೂ ಸಿಂಪಡಿಸದೆ ಹತ್ತು ದಿನ ತಾಳ್ಮೆಯಿಂದಿರುವುದೇ ಉತ್ತಮ ಚಿಕಿತ್ಸೆ.

ತಾಳ್ಮೆಯು ಕೇವಲ ಮನೆಯ ಮಾತಲ್ಲವೆಂಬುದಕ್ಕೆ ನಮ್ಮ ಕಣ್ಣಮುಂದೆಯೇ ನಡೆದ ದೊಡ್ಡ ದೃಷ್ಟಾಂತವಿದೆ. ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪಪ್ಪಾಯಿಯ ಹಿಟ್ಟುತಿಗಣೆ, ಮಧ್ಯ ಅಮೆರಿಕದ ಮೂಲದ್ದು, ಇಲ್ಲಿ ಸ್ವಾಭಾವಿಕ ವೈರಿಗಳಿಲ್ಲದೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳ ತೋಟಗಳನ್ನು ಬೆಳ್ಳಗಾಗಿಸಿತು. ರೈತರು ಕೈಗೆ ಸಿಕ್ಕ ವಿಷವನ್ನೆಲ್ಲ ಸಿಂಪಡಿಸಿ ಸೋತರು. ೨೦೧೦ರಲ್ಲಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಈ ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಸೂಕ್ಷ್ಮ ಕಣಜಗಳನ್ನು ತರಿಸಿ, ಸಾಕಿ, ಹಂಚಿದರು. ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಆ ಕಣಜಗಳು, ವಿಷ ಸಿಂಪಡಿಸದೆ ಬಿಟ್ಟ ತೋಟಗಳಲ್ಲಿ, ಕೆಲವೇ ತಿಂಗಳಲ್ಲಿ ಪಿಡುಗನ್ನು ಹಿಡಿತಕ್ಕೆ ತಂದವು.

ಈ ನಗರದ ರಸ್ತೆಗಳ ಮಳೆಮರಗಳ ಕಥೆ ಇಷ್ಟು ಸುಖಕರವಾಗಿಲ್ಲ. ಅಮೆರಿಕದ ಉಷ್ಣವಲಯದಿಂದ ಬಂದು, ಸಂಜೆಯಾದೊಡನೆ ಎಲೆ ಮಡಚಿಕೊಳ್ಳುವ, ಒಂದು ಬೀದಿಯನ್ನೇ ತಣ್ಣೆಳಲಿನಿಂದ ಮುಚ್ಚಬಲ್ಲ ಆ ಮಹಾವೃಕ್ಷಗಳು ಹತ್ತು ವರ್ಷಕ್ಕೂ ಮಿಕ್ಕಿ ಹಿಟ್ಟುತಿಗಣೆಯ ಬಾಧೆಗೆ ಸಿಕ್ಕಿ ಮುಂಬಯಿಯ ಅನೇಕ ಬಡಾವಣೆಗಳಲ್ಲಿ ಒಣಗಿ ನಿಂತಿವೆ. ತಿಗಣೆಯೊಂದೇ ಇದಕ್ಕೆ ಕಾರಣವೆಂದು ನಾನು ಒಪ್ಪಲಾರೆ. ಬುಡದವರೆಗೂ ಕಾಂಕ್ರೀಟು ಸುರಿದು, ಪೇವರ್ ಬ್ಲಾಕು ಜೋಡಿಸಿ, ಚರಂಡಿಗಾಗಿ ಬೇರು ಕಡಿದು, ಮಳೆಯ ನೀರು ಒಳಗಿಳಿಯದಂತೆ ಮಾಡಿದ ಮೇಲೆ ಬಲಹೀನವಾದ ಮರದ ಮೇಲೆ ಕೀಟವು ವಿಜೃಂಭಿಸುವುದು ಸಹಜವೇ. ನಿಮ್ಮಲ್ಲಿ ಅನೇಕರು ಸೊಸೈಟಿಗಳ ಕಾರ್ಯಕಾರಿ ಸಮಿತಿಯಲ್ಲಿದ್ದೀರಿ. ಕಂಪೌಂಡಿನ ಮರಕ್ಕೆ ಬಿಳಿ ಹಿಡಿದಿದೆಯೆಂದು ಕಡಿಯುವ ಮಾತು ಬಂದಾಗ, ಮೊದಲು ಬುಡದ ಸುತ್ತ ಕಡಿಮೆಯೆಂದರೆ ಒಂದು ಮೀಟರಿನಷ್ಟು ಕಾಂಕ್ರೀಟನ್ನು ಒಡೆಸಿ, ಮಣ್ಣು ಸಡಿಲಿಸಿ, ಒಂದು ಮಳೆಗಾಲದ ಅವಕಾಶವನ್ನು ಆ ಮರಕ್ಕೆ ಕೊಡಿಸಿರಿ. ೧೯೭೫ರ ಮಹಾರಾಷ್ಟ್ರದ ವೃಕ್ಷಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧವೆಂಬುದನ್ನೂ ಸಭೆಯಲ್ಲಿ ನೆನಪಿಸಿರಿ.

ವಿಷಾಣುರೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು, ಏಕೆಂದರೆ ಅವುಗಳಿಗೆ ಔಷಧವೇ ಇಲ್ಲ. ತಾರಸಿಯಲ್ಲಿ ಬೆಂಡೆ ಬೆಳೆಯುವವರು ಎಲೆಯ ನರಗಳೆಲ್ಲ ಹಳದಿಯ ಬಲೆಯಂತಾಗಿ, ಕಾಯಿಯೂ ಹಳದಿಗಟ್ಟಿ ನಾರಾಗುವುದನ್ನು ನೋಡಿಯೇ ಇರುತ್ತಾರೆ. ಈ ಹಳದಿ ನಂಜುರೋಗವು ವಿದ್ವಾಂಸರ ದಾಖಲೆಗೆ ಮೊದಲು ಬಂದದ್ದು ೧೯೨೪ರಲ್ಲಿ, ನಮ್ಮ ಈ ಮುಂಬಯಿ ಪ್ರಾಂತದಿಂದಲೇ. ಬಿಳಿನೊಣ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ರೋಗ ತಗುಲಿದ ಗಿಡವನ್ನು ಮರುಕಪಡದೆ ಕಿತ್ತುಹಾಕಬೇಕು. ಹಳದಿ ಬಣ್ಣದ ರಟ್ಟಿಗೆ ಹರಳೆಣ್ಣೆ ಸವರಿ ತೂಗುಹಾಕಿದರೆ ನೊಣಗಳು ಅಂಟಿ ಅವುಗಳ ಸಂಖ್ಯೆ ತಿಳಿಯುತ್ತದೆ. ರೋಗನಿರೋಧಕ ತಳಿಯ ಬೀಜವನ್ನು ಕೇಳಿ ತರುವುದು ಎಲ್ಲಕ್ಕಿಂತ ಮೇಲು.

ಬಸಳೆಯ ಎಲೆಯ ಮೇಲೆ ಕೆಂಪು ಅಂಚಿನ, ನಡುವೆ ಬಿಳುಪಾದ ದುಂಡು ಚುಕ್ಕೆಗಳು ಮಳೆಗಾಲದಲ್ಲಿ ತಪ್ಪದೆ ಬರುವುದು ಶಿಲೀಂಧ್ರದಿಂದ. ಚುಕ್ಕೆಯ ಎಲೆಗಳನ್ನು ಆರಿಸಿ ತೆಗೆದು, ಬಳ್ಳಿಯನ್ನು ಗ್ರಿಲ್ಲಿಗೆ ವಿರಳವಾಗಿ ಹಬ್ಬಿಸಿ, ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿದರೆ ಬಳ್ಳಿ ಉಳಿಯುತ್ತದೆ. ಇಂದು ಕೊಯ್ದು ಇಂದೇ ಅಟ್ಟು ತಿನ್ನುವ ಸೊಪ್ಪಿಗೆ ಯಾವ ಮದ್ದನ್ನೂ ನಾನು ಸಲಹೆ ಮಾಡಲಾರೆ. ಮಲ್ಲಿಗೆಯ ಮೊಗ್ಗು ಬುಡದಲ್ಲಿ ಊದಿ ನೇರಳೆಗೆ ತಿರುಗಿ ಒಣಗಿದರೆ ಒಳಗೆ ಮೊಗ್ಗಿನ ನೊಣದ ಮರಿಗಳಿರುತ್ತವೆ. ಅವು ಮಣ್ಣಿಗಿಳಿದು ಕೋಶವಾಗುವುದರಿಂದ ಅಂಥ ಮೊಗ್ಗುಗಳನ್ನು ಕುಂಡದಲ್ಲಿ ಉದುರಲು ಬಿಡದೆ ಆರಿಸಿ ನಾಶಮಾಡಬೇಕು. ಚಳಿಗಾಲ ಕಳೆದು ಗಾಳಿ ಒಣಗಿದ ದಿನಗಳಲ್ಲಿ ಎಲೆ ಸೂಜಿಮೊನೆಯ ಚುಕ್ಕೆಗಳಿಂದ ಬೂದುಬಣ್ಣವಾದರೆ, ಬಿಳಿಯ ಕಾಗದದ ಮೇಲೆ ಕೊಂಬೆಯನ್ನು ತಟ್ಟಿ ನೋಡಿರಿ: ಧೂಳಿನ ಕಣಗಳು ನಡೆದಾಡತೊಡಗಿದರೆ ಅವು ನುಸಿಗಳು. ಎರಡು ದಿನಕ್ಕೊಮ್ಮೆ ಎಲೆಯ ಅಡಿಗೆ ರಭಸವಾಗಿ ನೀರು ಚಿಮ್ಮಿಸುವುದೇ ಅವುಗಳಿಗೆ ಸಾಕಾದ ಶಾಸ್ತಿ.

ಶಿಲೀಂಧ್ರಗಳ ಪ್ರಸ್ತಾಪ ಬಂದಾಗ ಅಡಕೆಯ ನಾಡಿನಿಂದ ಬಂದವರಿಗೆ ಬೋರ್ಡೋ ದ್ರಾವಣ ನೆನಪಾಗದಿರದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಯಲ್ಲಿ ಅಡಕೆ ಕೊಳೆತು ಉದುರುವ ಕೊಳೆರೋಗಕ್ಕೆ ಹಿಂದಿನವರು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಆ ರೋಗದ ಶಿಲೀಂಧ್ರವನ್ನು ಅಭ್ಯಸಿಸಿ ೧೯೧೦ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ೧೮೮೫ರ ಸುಮಾರಿಗೆ ಬಳಕೆಗೆ ಬಂದ ಮೈಲುತುತ್ತ ಸುಣ್ಣಗಳ ಈ ದ್ರಾವಣವನ್ನು ಅಡಕೆಯ ಗೊನೆಗೆ ಹೊಂದಿಸಿಕೊಟ್ಟರು. ಮಳೆ ಹಿಡಿಯುವ ಮೊದಲು ಮದ್ದು ಬಿಡುವ ಪದ್ಧತಿ ಇಂದಿಗೂ ನಡೆದು ಬಂದಿದೆ. ಕೋಲ್ಮನ್ನರು ಮೊದಲು ಮಾಡಿದ್ದು ಮದ್ದಿನ ಶೋಧವನ್ನಲ್ಲ, ರೋಗದ ಪರಿಶೀಲನೆಯನ್ನು. ಅದರಿಂದಲೇ ಮದ್ದನ್ನು ಯಾವಾಗ, ಯಾವ ಭಾಗಕ್ಕೆ, ಎಷ್ಟು ಕೊಡಬೇಕೆಂಬುದು ಅವರಿಗೆ ತಿಳಿಯಿತು. ಮನೆಯಲ್ಲಿ ನಿಂಬೆ, ವೀಳ್ಯದ ಬಳ್ಳಿ ಮೊದಲಾದವುಗಳ ಕಾಂಡ ಕೊಳೆಯುವಾಗ ಈ ದ್ರಾವಣವನ್ನು ಮಾಡಿಕೊಳ್ಳಬಹುದು: ಹತ್ತು ಗ್ರಾಮು ಮೈಲುತುತ್ತವನ್ನು ಅರ್ಧ ಲೀಟರು ನೀರಿನಲ್ಲಿಯೂ ಹತ್ತು ಗ್ರಾಮು ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಬೇರೆಬೇರೆಯಾಗಿ ಪ್ಲಾಸ್ಟಿಕಿನ ಪಾತ್ರೆಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕದಡಬೇಕು, ಉಜ್ಜಿದ ಕಬ್ಬಿಣದ ಬ್ಲೇಡನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಬೇಕು, ಮಾಡಿದ ದಿನವೇ ಬಳಸಿ ಮುಗಿಸಬೇಕು. ವೀಳ್ಯದ ಎಲೆಯನ್ನು ಮೆಲ್ಲುವವರು ಬುಡಕ್ಕೆ ಮಾತ್ರ ಹಾಕಿ ಎಲೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಉಗ್ರವಾದ ವಿಷಗಳ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದೇಕೆಂದು ನಿಮ್ಮಲ್ಲಿ ಕಾಸರಗೋಡಿನವರು ಕೇಳಲಾರರು. ಎಣ್ಮಕಜೆ, ಪಡ್ರೆ, ವಾಣಿನಗರಗಳ ನೆತ್ತಿಯ ಮೇಲಿನ ಗೇರುಗುಡ್ಡಗಳಲ್ಲಿ ಒಂದು ಸಣ್ಣ ತಿಗಣೆಯ ನಿವಾರಣೆಗೆಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದುದರ ಫಲವನ್ನು ಆ ಕನ್ನಡ ಹಳ್ಳಿಗಳ ಮಕ್ಕಳು ಇಂದಿಗೂ ತಮ್ಮ ದೇಹಗಳಲ್ಲಿ ಹೊತ್ತಿದ್ದಾರೆ. ಪತ್ರಕರ್ತರಾದ ಶ್ರೀ ಪಡ್ರೆಯವರೂ ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರೂ ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಲ್ಲಿ ತಡೆಹಿಡಿಯಿತು. ಗುಡ್ಡದ ಮೇಲೆ ಸುರಿದದ್ದು ಬಾವಿಗೆ ಇಳಿಯಿತು. ಗ್ರಿಲ್ಲಿನಲ್ಲಿ ಸಿಂಪಡಿಸಿದ್ದು ಒಣಗಲು ಹಾಕಿದ ಬಟ್ಟೆಗೆ, ತೆರೆದಿಟ್ಟ ನೀರಿನ ಪಾತ್ರೆಗೆ, ಪಕ್ಕದ ಮನೆಯ ಕಿಟಕಿಗೆ ಇಳಿಯುವುದಕ್ಕೆ ಒಂದು ಗಳಿಗೆಯೂ ಬೇಡ. ಮದ್ದಿನ ಸೀಸೆಯ ಮೇಲೆ ಅಚ್ಚುಹಾಕಿದ ಬಣ್ಣದ ಗುರುತನ್ನು ನೋಡದೆ ಕೊಳ್ಳಬೇಡಿರಿ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕೆ ಎರಡನೆಯದು, ನೀಲಿ ಮಧ್ಯಮ, ಹಸುರು ಅಲ್ಪ. ಮನೆಯೊಳಗೆ ಕೆಂಪು ಹಳದಿಗಳಿಗೆ ಸ್ಥಳವಿಲ್ಲ. ಉಳಿದ ಮದ್ದನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವ ಪರಿಪಾಠವನ್ನಂತೂ ಯಾವ ಕಾರಣಕ್ಕೂ ಮಾಡಬಾರದು.

ಶತ್ರುಗಳ ಪಟ್ಟಿಯಿಂದ ಒಂದು ಜೀವಿಯನ್ನು ತೆಗೆದುಹಾಕಬೇಕೆಂದು ನನ್ನ ಪ್ರಾರ್ಥನೆ. ನಿಂಬೆ ಕರಿಬೇವುಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದುಕೊಂಡಿದ್ದು, ಬೆಳೆದಂತೆ ಹಸುರಾಗಿ, ಮುಟ್ಟಿದರೆ ತಲೆಯಿಂದ ಕೋಡಿನಂಥ ಅಂಗವನ್ನು ಚಾಚುವ ಕಂಬಳಿಯಿಲ್ಲದ ಹುಳು ಚಿಟ್ಟೆಯ ಮರಿ. ನಿಂಬೆ ಚಕ್ಕೋತಗಳ ಮೇಲೆ ಬೆಳೆಯುವ ಈ ಬಳಗಕ್ಕೆ, ೨೦೧೫ರಲ್ಲಿ ಮಹಾರಾಷ್ಟ್ರವು ತನ್ನ ರಾಜ್ಯದ ಚಿಟ್ಟೆಯೆಂದು ಸಾರಿದ, ಕಪ್ಪು ರೆಕ್ಕೆಯ ಮೇಲೆ ನೀಲಿ ಹರಡಿಕೊಂಡ ಬ್ಲೂ ಮಾರ್ಮನ್ ಸಹ ಸೇರಿದೆ. ದೊಡ್ಡ ಗಿಡಕ್ಕೆ ಹತ್ತಿಪ್ಪತ್ತು ಎಲೆ ಹೋದರೆ ನಷ್ಟವಿಲ್ಲ. ಗಿಡ ತೀರ ಚಿಕ್ಕದಾಗಿದ್ದರೆ ಹುಳುವನ್ನು ಎಲೆಸಹಿತ ಎತ್ತಿ ಕೆಳಗಿನ ತೋಟದ ನಿಂಬೆಗೆ ಸಾಗಿಸಿರಿ. ಮಳೆಗಾಲದ ರಾತ್ರಿಗಳಲ್ಲಿ ಕಂಪೌಂಡಿನ ಗೋಡೆ ಹತ್ತುವ ದೊಡ್ಡ ಆಫ್ರಿಕನ್ ಬಸವನಹುಳುವಿಗೆ ಈ ದಯೆ ಸಲ್ಲದು. ೧೮೪೭ರಲ್ಲಿ ಕಲಕತ್ತೆಗೆ ತಂದು ಬಿಟ್ಟ ಅದರ ಸಂತಾನ ಈಗ ಎಲ್ಲೆಡೆ ಹಬ್ಬಿದೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿಯ ಸಿಪ್ಪೆಯನ್ನಿಟ್ಟರೆ ಬೆಳಗ್ಗೆ ಗುಂಪಾಗಿ ಸಿಕ್ಕುತ್ತದೆ; ಕೈಗೆ ಚೀಲ ಹಾಕಿಕೊಂಡು ಆರಿಸಿ, ಉಪ್ಪುನೀರಿನಲ್ಲಿ ಮುಳುಗಿಸಿರಿ.

ಕಡೆಯದಾಗಿ, ಮಾಟುಂಗ, ಮಾಹಿಮ, ಡೊಂಬಿವಲಿ ಮೊದಲಾದ ಕಡೆಗಳಲ್ಲಿ ನಮ್ಮ ಭಾಷೆಯ ಕೆಲಸವನ್ನು ಬಹುಕಾಲದಿಂದ ನಡೆಸುತ್ತಿರುವ ಸಂಘಸಂಸ್ಥೆಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಯಕ್ಷಗಾನಕ್ಕೂ ನಾಟಕಕ್ಕೂ ಉಪನ್ಯಾಸಕ್ಕೂ ತೆರೆದಿರುವ ನಿಮ್ಮ ಸಭಾಗೃಹವನ್ನು ವರ್ಷದಲ್ಲಿ ಎರಡು ಭಾನುವಾರಗಳ ಬೆಳಗ್ಗೆ, ಮೇ ಕೊನೆಯಲ್ಲಿ ಒಮ್ಮೆ ಮತ್ತು ನವೆಂಬರಿನಲ್ಲಿ ಒಮ್ಮೆ, ರೋಗಿ ಗಿಡಗಳಿಗಾಗಿ ತೆರೆದಿಡಿರಿ. ಪ್ರತಿಯೊಬ್ಬರೂ ಬಾಧೆಗೊಂಡ ಎಲೆಯನ್ನು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಕುಡಿಯೊಂದನ್ನು ಬುಡದ ಒಂದು ಹಿಡಿ ಮಣ್ಣಿನೊಡನೆ ತರಲಿ. ನಾಲ್ಕಾರು ಭೂತಗನ್ನಡಿಗಳೂ ಒಂದು ಬಿಳಿಯ ತಟ್ಟೆಯೂ ಮೇಜಿನ ಮೇಲಿರಲಿ. ಕೃಷಿಯಲ್ಲಿ ಪದವಿ ಪಡೆದು ಈ ನಗರದಲ್ಲಿ ಬೇರೆ ಉದ್ಯೋಗದಲ್ಲಿರುವ ನಮ್ಮವರೂ, ಊರಿನ ತೋಟವನ್ನು ಬಿಟ್ಟುಬಂದ ಹಿರಿಯರೂ ಅಲ್ಲಿ ಕೂಡಿ ನೋಡಲಿ. ಗುರುತು ಸಿಗದೆ ಉಳಿದ ರೋಗಗಳ ಚೀಲಗಳನ್ನು ಹೆಸರು, ದಿನಾಂಕ, ಬಡಾವಣೆ ಬರೆದು ಬೇರೆಯಿಡೋಣ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠಕ್ಕೋ ಬೆಂಗಳೂರಿಗೋ ಕೇಳಿ ಬರೆದು ಉತ್ತರ ತರಿಸುವ ಹೊಣೆಯನ್ನು ನಾನು ಹೊರುತ್ತೇನೆ. ಮೊದಲ ಸಭೆಗೆ ಯಾವ ಸಂಘ ಸ್ಥಳ ಕೊಡುವುದೆಂಬುದನ್ನು ಮೇ ತಿಂಗಳ ಎರಡನೆಯ ವಾರದೊಳಗೆ ತಿಳಿಸಿದರೆ, ಉಳಿದ ಏರ್ಪಾಡಿಗೆ ಸಾಕಷ್ಟು ದಿನಗಳು ದೊರೆಯುತ್ತವೆ.

ಇತಿ,
ನಿಮ್ಮ ವಿಶ್ವಾಸಿ,
ಮಾಟುಂಗದ ಒಬ್ಬ ಹಿರಿಯ ನಿವಾಸಿ